ಅಯೋಗ್ಯತಾ ಪತ್ರ

ಎಲ್ಲ ಶುರುವಾದದ್ದು ಮರ್ಯಾದೆಗೆ ಆಡಿದ ಒಂದು ಮಾತಿನಿಂದ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಫಾದರ್ ಎದುರಾದಾಗ, ಏನಾದರೂ ಹೇಳಬೇಕಲ್ಲ ಎಂದು ಮುಲಾಮಣ್ಣ, "ಇವತ್ತಿನ ಪ್ರಬೋಧನೆ ತುಂಬ ಚೆನ್ನಾಗಿ ಅರ್ಥ ಆಯ್ತು ಫಾದರ್" ಎಂದುಬಿಟ್ಟ. ಪ್ರಬೋಧನೆಯ ಮುಕ್ಕಾಲು ಭಾಗ ಅವನು ತೂಕಡಿಸಿದ್ದ.

ಫಾದರ್ ಮುಖ ಊರಗಲವಾಯಿತು. "ಅರ್ಥ ಆಯ್ತಾ? ಇಪ್ಪತ್ತು ವರ್ಷದಲ್ಲಿ ಹಾಗಂದೋರು ನೀವೊಬ್ರೇ! ಹೊಸಬರಿಗೆ ನಮ್ಮ ವಿಶ್ವಾಸದ ಪಾಠ ಹೇಳೋಕೆ ಒಬ್ಬರನ್ನ ಹುಡುಕ್ತಾ ಇದ್ದೆ. ಶನಿವಾರ ಸಂಜೆ ಐದು ಗಂಟೆಗೆ ಮನೆಗೆ ಬಂದು ಮಾತಾಡ್ತೀನಿ."

ಮುಲಾಮಣ್ಣ ಎನ್ನುವುದು ಅವನು ವಾಸವಿದ್ದ ನಾಲ್ಕಂತಸ್ತಿನ ಕಟ್ಟಡದವರು ಇಟ್ಟ ಹೆಸರು. ನೋವಿನ ಮುಲಾಮು ಮಾಡುವ ಕಂಪನಿಯಲ್ಲಿ ಡಬ್ಬಿಯ ಮೇಲಿನ ಬರಹ, ಡಬ್ಬಿಯೊಳಗಿನ ಚೀಟಿಯ ಬರಹ ಎಲ್ಲ ಅವನದೇ. ಹನ್ನೊಂದು ಬಗೆಯ ನೋವು ಮಂಗಮಾಯ ಎಂದು ಹದಿನೆಂಟು ವರ್ಷದಿಂದ ಬರೆಯುತ್ತಿದ್ದ. ನಿಜವಾಗಿ ಹೋಗುತ್ತಿದ್ದದ್ದು ಒಂದೂವರೆ ನೋವು.

ಪಾಠದ ವಿಷಯ ಅವನಿಗೆ ಗೊತ್ತಿಲ್ಲವೆಂದಲ್ಲ. ದೇವರು ಪ್ರೀತಿಯಿಂದ ಲೋಕ ಸೃಷ್ಟಿಸಿದ, ಮನುಷ್ಯ ದಾರಿ ತಪ್ಪಿದ, ದೇವಪುತ್ರ ಮನುಷ್ಯನಾಗಿ ಹುಟ್ಟಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟು ಮೂರನೆಯ ದಿನ ಎದ್ದ, ಕ್ಷಮೆ ಎಲ್ಲರಿಗೂ ಪುಕ್ಕಟೆ. ಇದನ್ನು ಅವನು ಚಿಕ್ಕಂದಿನಿಂದ ಮನಸಾರೆ ನಂಬಿದ್ದ. ತೊಂದರೆ ಇದ್ದದ್ದೇ ಅಲ್ಲಿ. ನಂಬದ್ದನ್ನು ಹೇಳಿ ಪಳಗಿದವನು ನಂಬಿದ್ದನ್ನು ಹೇಳಲು ಹೊರಟರೆ ಅದೂ ಮುಲಾಮಿನ ಜಾಹೀರಾತಿನಂತೆ ಕೇಳಿಸಿದರೆ? ಆ ಭಯಕ್ಕೆ ಅವನಿಗೆ ವಾರವಿಡೀ ಅನ್ನ ಸೇರಲಿಲ್ಲ.

"ಆಗಲ್ಲ ಅಂತ ಹೇಳಿದ್ರೆ ಮುಗೀತಲ್ರೀ" ಎಂದಳು ಹೆಂಡತಿ, ಶನಿವಾರ ಬೆಳಿಗ್ಗೆ.

"ಆ ಮುಖ ನೋಡ್ಕೊಂಡು ಆಗಲ್ಲ ಅನ್ನೋಕೆ ನನ್ನ ಕೈಲಾಗಲ್ಲ ಕಣೇ. ಬರೆದು ಕೊಡ್ತೀನಿ. ನಾನು ಅಯೋಗ್ಯ ಅಂತ ಅವರು ಒಪ್ಪಲೇಬೇಕು, ಹಾಗೆ ಬರೀತೀನಿ."

ಕಸುಬಿನ ಪಟ್ಟುಗಳನ್ನೆಲ್ಲ ಹೊರತೆಗೆದ. ಮೊದಲು ಓದುವವನನ್ನು ಹಿಡಿದು ನಿಲ್ಲಿಸುವ ಪ್ರಶ್ನೆ: 'ತೂತು ಕೊಡದಲ್ಲಿ ನೀರು ತರುವಿರಾ?' ಆಮೇಲೆ ಒಂದೇ ಮಾತು ಮೂರು ಸಲ: 'ನಾನು ಯೋಗ್ಯನಲ್ಲ, ಯೋಗ್ಯನಲ್ಲ, ಖಂಡಿತ ಯೋಗ್ಯನಲ್ಲ.' ಫಾದರ್ ಎತ್ತಬಹುದಾದ ಆಕ್ಷೇಪಗಳನ್ನು ತಾನೇ ಎತ್ತಿ ತಾನೇ ಉತ್ತರಿಸಿದ. ಕೊನೆಯಲ್ಲಿ ಅವಸರ: 'ತಡಮಾಡದೆ ಇಂದೇ ಬೇರೊಬ್ಬರನ್ನು ಆರಿಸಿ!' ಓದಿ ನೋಡಿದ. ಏನೋ ಕಡಿಮೆಯಿತ್ತು. ಹೌದು, ಸಾಕ್ಷಿ! ಬಳಸಿ ನೋಡಿದವರ ಮಾತಿಲ್ಲದೆ ಜನ ಮುಲಾಮನ್ನೇ ಕೊಳ್ಳುವುದಿಲ್ಲ.

"ನನ್ನಲ್ಲಿರೋ ಒಂದು ದೋಷ ಬರೆದು ಸಹಿ ಹಾಕಿ ಕೊಡ್ತೀಯಾ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತಳು. "ಒಂದೇನಾ?"

ಒಂದೂವರೆ ಪುಟವಾಯಿತು. ಹಾಳೆಯ ಹಿಂಬದಿಗೂ ಕೈ ಹಾಕಿದಾಗ ಅವನೇ ಕಿತ್ತುಕೊಂಡು ಕೆಳಗಿಳಿದ. ಕೆಳಗಿನ ಮನೆಯ ದರ್ಜಿ ಕತ್ತರಿ ಬದಿಗಿಟ್ಟು, ಮೂರು ವರ್ಷದ ಹಿಂದೆ ಇವನು ತನ್ನಿಂದ ಒಯ್ದ ಕೊಡೆಯ ಬಗ್ಗೆ, ಅಂದಿನಿಂದ ಕೇಳಿದ 'ನಾಳೆ ತರ್ತೀನಿ'ಗಳ ಬಗ್ಗೆ ಉತ್ಸಾಹದಿಂದ ಬರೆದುಕೊಟ್ಟ. ಎರಡನೆಯ ಮಹಡಿಯ ನಿವೃತ್ತ ಪೋಸ್ಟ್ ಮಾಸ್ತರರು ದಿನಾಂಕ, ಸಮಯಗಳ ಸಮೇತ ದಾಖಲಿಸಿದರು: ಚರ್ಚಿನ ಬೆಂಚು ಸಾಗಿಸಲು ಜನ ಹುಡುಕುತ್ತ ಫಾದರ್ ಬಂದಾಗ ಇವನು ಹಣ್ಣಿನಂಗಡಿಯ ಹಿಂದೆ ಅವಿತದ್ದು, ಅಂಗಡಿಯಾತ "ನಿಮ್ಮ ಫಾದರ್ ಅಲ್ವಾ?" ಎಂದು ಮೂರು ಸಲ ಕೇಳಿದರೂ "ನಂಗೆ ಗೊತ್ತೇ ಇಲ್ಲ" ಎಂದದ್ದು.

ಸುದ್ದಿ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲ ಮೇಲೆ ಸಾಲು ನಿಂತಿತ್ತು. "ನೂಕಬೇಡ್ರೀ, ನಂದು ಹಳೇ ದೂರು, ನಾನು ಮುಂಚೆ!" ಎಂದು ಒಬ್ಬರು. "ನಂಗೂ ಒಂದು ಹಾಳೆ ಕೊಡಿ" ಎಂದು ಇನ್ನೊಬ್ಬರು. ಇವನಿಗಾಗಿ ಇಷ್ಟು ಜನ ಹಿಂದೆಂದೂ ಸೇರಿದ್ದಿಲ್ಲ. ಮೂರು ಗಂಟೆಗೆ ಲೆಕ್ಕ ಹಾಕಿದರೆ ಹನ್ನೊಂದು ಸಾಕ್ಷಿ. ಒಂದೊಂದನ್ನೇ ಓದುತ್ತ ಹೋದಂತೆ ಅವನ ಖುಷಿ ಇಳಿಯಿತು. ಯಾವುದೂ ಸುಳ್ಳಲ್ಲ. ನಿಜವಾಗಿಯೂ ಇಷ್ಟು ಕೆಟ್ಟವನೇ ನಾನು ಎಂದು ಅವನಿಗೆ ಅಳು ಬಂತು. ಅತ್ತು, ಮೂಗೊರೆಸಿಕೊಂಡು, ಎಲ್ಲವನ್ನೂ ಪತ್ರಕ್ಕೆ ಸೇರಿಸಿ ಪಿನ್ನು ಹೊಡೆದ.

ಐದಕ್ಕೆ ಸರಿಯಾಗಿ ಫಾದರ್ ಬಂದರು. ಹಿಂದೆಯೇ ಇಡೀ ಕಟ್ಟಡ ಬಂದು ಬಾಗಿಲಲ್ಲಿ ನಿಂತಿತು.

"ನಾನು ಬಂದಿದ್ದು ಏನಪ್ಪಾ ಅಂದ್ರೆ..." ಎಂದು ಫಾದರ್ ಶುರುಮಾಡಿದರು.

"ಏನೂ ಹೇಳ್ಬೇಡಿ ಫಾದರ್! ಮೊದಲು ಇದನ್ನ ಓದಿ."

ಫಾದರ್ ಓದಿದರು. ನಡುವೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿಗೋ ಮತ್ತೇತಕ್ಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮೂರನೆಯ ಮಹಡಿಯ ಕಣ್ಣು ಮಂಜಾದ ಅಜ್ಜಿ ಕೋಲೂರುತ್ತ ಒಳಗೆ ಬಂದರು.

"ನಂದೂ ಒಂದು ದೂರಿದೆ. ಇವನು ದಿನಾ ಬಂದು ಪೇಪರ್ ಓದಿ ಹೇಳ್ತಾನೆ. ನಂಗೆ ಅರ್ಥ ಆಗೋವರೆಗೂ ಬಿಡಲ್ಲ. ನಿನ್ನೆ ನಿದ್ದೆ ಬರ್ತಿದೆ ಕಣೋ ಅಂದ್ರೂ ಬಿಡಲಿಲ್ಲ!"

"ಅಜ್ಜೀ, ನೀವು ಸುಮ್ನಿರಿ!" ಎಂದು ಮುಲಾಮಣ್ಣ ಕಿರುಚಿದ. ಕಟ್ಟಿದ ಮನೆಗೆ ಒಳಗಿನಿಂದಲೇ ಹಾರೆ ಬಿದ್ದಿತ್ತು.

ಫಾದರ್ ಹಾಳೆಗಳನ್ನು ಮಡಚಿದರು. "ಇಷ್ಟು ಬಲವಾದ ಬರಹ ನಾನು ಓದೇ ಇಲ್ಲ. ಪೂರ್ತಿ ಒಪ್ದೆ."

"ಅಂದ್ರೆ ನಾನು ಯೋಗ್ಯ ಅಲ್ಲ, ತಾನೇ?"

"ಖಂಡಿತ ಅಲ್ಲ. ನಾನೂ ಅಲ್ಲ. ನಮ್ಮ ಮೊದಲನೇ ಪಾಠವೇ ಅದಲ್ವಾ? ಸ್ವಾಮಿ ಯೋಗ್ಯರನ್ನ ಹುಡುಕ್ಕೊಂಡು ಬರಲಿಲ್ಲ. ತನ್ನನ್ನ ಮೂರು ಸಲ ಗೊತ್ತಿಲ್ಲ ಅಂದ ಶಿಷ್ಯನ ಕೈಗೇ ತನ್ನ ಜನರನ್ನ ಒಪ್ಪಿಸಿದ. ನೀವು ಅಂಗಡಿ ಹಿಂದೆ ಅವಿತಿದ್ದು ನಂಗೆ ಅವತ್ತೇ ಕಾಣಿಸ್ತು, ಅವತ್ತೇ ಕ್ಷಮಿಸಿಯೂ ಆಗಿದೆ." ಅವರು ಮುಲಾಮಣ್ಣನ ಹೆಗಲ ಮೇಲೆ ಕೈಯಿಟ್ಟರು. "ಈ ಹಾಳೆಗಳಲ್ಲಿ ಒಂದಾದ್ರೂ ಸುಳ್ಳಿದೆಯಾ?"

"ಇಲ್ಲ ಫಾದರ್."

"ನೋಡಿ, ನಿಜ ಹೇಳೋಕೆ ನಿಮಗೆ ಬರುತ್ತೆ."

ವಾರದಿಂದ ಎದೆಯಲ್ಲಿ ಕೂತಿದ್ದ ಕಲ್ಲು ಆ ಒಂದು ಮಾತಿಗೆ ಜಾರಿಹೋಯಿತು. ಪ್ರಶ್ನೆಯಿಲ್ಲ, ಅವಸರವಿಲ್ಲ, ಸಾಕ್ಷಿಯಿಲ್ಲ. ಎಂಥ ಬರಹಗಾರನೂ ಹೀಗೆ ಒಪ್ಪಿಸಲಾರ ಎಂದು ಮುಲಾಮಣ್ಣ ಬೆರಗಾಗಿ ತಲೆಯಾಡಿಸಿದ. ಆಡಿಸಿದ ಮೇಲೆ, ತಾನು ಪಾಠ ಹೇಳಲು ಒಪ್ಪಿಬಿಟ್ಟೆನೆಂದು ಹೊಳೆಯಿತು.

"ಫಾದರ್, ನೀವು ಬಂದಾಗ ಏನೋ ಹೇಳೋಕೆ ಹೊರಟಿದ್ರಲ್ಲ?" ಎಂದು ಹೆಂಡತಿ ನೆನಪಿಸಿದಳು.

"ಓ, ಅದಾ? ಔಷಧಿ ಅಂಗಡಿಯವರು ಪಾಠ ಹೇಳೋಕೆ ನಿನ್ನೆಯೇ ಒಪ್ಕೊಂಡ್ರು. ನಿಮಗೆ ತೊಂದರೆ ಬೇಡ ಅಂತ ಹೇಳಿಹೋಗೋಣ ಅಂತ ಬಂದಿದ್ದೆ." ಫಾದರ್ ಎದ್ದರು. "ಈಗ ಅವರಿಗೆ ಬೇಡ ಅಂತೀನಿ, ನಾಳೆ ಪೂಜೆ ಮುಗಿದ ಮೇಲೆ ಪಾಠ ನೀವೇ ಶುರು ಮಾಡಿ. ಅವರಿಗಿಂತ ಅಯೋಗ್ಯರು ಸಿಕ್ಕಿದ್ದಾರಲ್ಲ!"

"ನಾಳೆ ನಾವೆಲ್ಲ ಪಾಠ ಕೇಳೋಕೆ ಬರ್ತೀವಿ" ಎಂದ ದರ್ಜಿ. "ಬರೋವಾಗ ಕೊಡೆ ತನ್ನಿ."

ಎಲ್ಲರೂ ಹೋದ ಮೇಲೆ ಮುಲಾಮಣ್ಣ ತನ್ನ ಕಂಪನಿಯದೇ ಡಬ್ಬಿ ತೆಗೆದು ಹಣೆಗೆ ಹಚ್ಚಿಕೊಂಡ. ಡಬ್ಬಿಯ ಮೇಲಿನ ಹನ್ನೊಂದು ನೋವುಗಳಲ್ಲಿ, ತಾನೇ ಬರೆದು ತಲೆಗೆ ತಂದುಕೊಂಡ ಈ ನೋವನ್ನು ಅವನು ಬರೆದಿರಲಿಲ್ಲ.