ಇಬ್ಬರಿಗೂ ಸಪ್ಪೆ ಚಹಾ

ಅತಿಥಿಗಳಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಅದಕ್ಕೆ ತಕ್ಕಡಿ ಇಬ್ಬರಿಗೂ ಸಪ್ಪೆ ಚಹಾ ಕೊಟ್ಟ. ರಗಳೆ ಶುರುವಾದದ್ದು ಅಲ್ಲಿಂದ.

ತಕ್ಕಡಿ ಅನ್ನುವುದು ಸಹೋದ್ಯೋಗಿಗಳು ಇಟ್ಟ ಹೆಸರು. ಅವನು ಸಹಾಯಕನಾಗಿದ್ದದ್ದು ಯಾವ ಸರ್ಕಾರಕ್ಕೂ ಸೇರದ ಪುಟ್ಟ ಶಾಂತಿ ಅಧ್ಯಯನ ಸಂಸ್ಥೆಯಲ್ಲಿ. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ, ಅಷ್ಟೇ. ಹಗೆ ಕಟ್ಟಿಕೊಂಡ ಎರಡು ಸರ್ಕಾರಗಳು ನೇರವಾಗಿ ಮಾತಾಡುವಂತಿಲ್ಲವಲ್ಲ, ಹಾಗಾಗಿ ಎರಡೂ ಕಡೆಯ ಒಬ್ಬೊಬ್ಬ ನಿವೃತ್ತ ಸೇನಾಧಿಕಾರಿಯನ್ನು ಇಲ್ಲಿ ಗುಟ್ಟಾಗಿ ಕೂರಿಸುವ ಏರ್ಪಾಡು. ಕೂತರೇನು, ಇಬ್ಬರೂ ಗೋಡೆಯ ಜೊತೆ ಮಾತಾಡುತ್ತಿದ್ದರು.

"ಇವತ್ತು ಒಂದೇ ಒಂದು ಮಾತಿಗೆ ಒಪ್ಪಿದ್ರೂ ಸಾಕು," ಎಂದಿದ್ದರು ನಿರ್ದೇಶಕಿ. "ಇಲ್ದಿದ್ರೆ ಸಂಸ್ಥೆಗೆ ಬೀಗ. ನೀನು ಮಾತ್ರ ಯಾರ ಕಡೆಗೂ ವಾಲಬೇಡ."

ತಕ್ಕಡಿ ವಾಲುವುದುಂಟೇ? ಅತಿಥಿಗಳಲ್ಲಿ ದಪ್ಪಗಿನವರು ಬೆನ್ನುನೋವೆಂದು ಮರದ ಕುರ್ಚಿ ಕೇಳಿದರು. ಇನ್ನೊಬ್ಬ ಸಣಕಲರ ಮೆತ್ತನೆ ಕುರ್ಚಿಯೂ ಹೋಯಿತು. ಸಣಕಲರಿಗೆ ಕಿವಿ ಮಂದ. ತಕ್ಕಡಿ ಇಬ್ಬರ ಹತ್ತಿರವೂ ಕಿರುಚಿದ.

"ನಂಗೆ ಕಿವಿ ಕೇಳುತ್ತಪ್ಪ," ಎಂದರು ದಪ್ಪಗಿನವರು.

"ಗೊತ್ತು ಸಾರ್. ನಿಮಗೆ ಮೆಲ್ಲಗೆ ಹೇಳಿದ್ರೆ ಅವರು ಏನೋ ಗುಟ್ಟು ಹೇಳ್ದೆ ಅಂದ್ಕೋತಾರೆ," ಎಂದು ತಕ್ಕಡಿ ಮತ್ತೆ ಕಿರುಚಿದ.

ಸಣಕಲರು ಕೆಮ್ಮಿದರು. ಬಾಗಿಲಲ್ಲಿ ಇಣುಕುತ್ತಿದ್ದ ಗ್ರಂಥಪಾಲಕ ಸುಮ್ಮನಿರಲಾರದೆ, "ಔಷಧಿ ಕೊಡೋ, ಇಬ್ಬರಿಗೂ," ಎಂದ. ಕೋತಿಗೆ ಹೆಂಡ ಕುಡಿಸಿದಂತಾಯಿತು. ತಕ್ಕಡಿ ಕೊಟ್ಟ ಕೆಮ್ಮಿನ ಔಷಧಿಯನ್ನು ಇಬ್ಬರೂ ಮುಖ ಹಿಂಡಿಕೊಂಡು ಕುಡಿದರು.

ಕಡೆಗೆ ದಪ್ಪಗಿನವರು ಶೌಚಾಲಯಕ್ಕೆಂದು ಎದ್ದರು. ತಕ್ಕಡಿ ಸಣಕಲರನ್ನೂ ಎಬ್ಬಿಸಿದ.

"ನಂಗೆ ಬಂದಿಲ್ಲ."

"ಪರವಾಗಿಲ್ಲ, ನಡೀರಿ ಸಾರ್. ನಾಳೆ ಅನ್ಯಾಯ ಆಯ್ತು ಅನ್ನೋ ಹಾಗಾಗಬಾರ್ದು."

ಕಾರಿಡಾರಿನಲ್ಲಿ ಇಬ್ಬರೂ ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು.

"ನಿಮ್ಮಲ್ಲೂ ಇಂಥೋರು ಇದಾರಾ?" ಎಂದರು ಸಣಕಲರು.

"ಒಬ್ಬ ಇದ್ದ. ಗಡಿಗೆ ಹಾಕಿಸ್ದೆ."

"ಓಹೋ, ಅವನು ನಿಮ್ಮೋನಾ? ನಮ್ಮ ಕಡೆಗೂ ಚಹಾ ಬೇಕಾ ಅಂತ ಕೂಗ್ತಿದ್ದ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೌಚಾಲಯದೊಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತು ದನಿ ಭಾರವಾಯಿತು. ಆ ಗಡಿಯಲ್ಲಿ ತಾವು ಕಳೆದುಕೊಂಡ ಹುಡುಗರ ಹೆಸರುಗಳನ್ನು ಇಬ್ಬರೂ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. ಹೊರಗೆ ನಿಂತ ತಕ್ಕಡಿಗೆ, ಜಗಳವಾಡಿದ್ದ ತನ್ನ ಚಿಕ್ಕಪ್ಪ ದೊಡ್ಡಪ್ಪಂದಿರೇ ಒಂದಾದಷ್ಟು ಸಂತೋಷವಾಗಿ ಕಣ್ಣು ತುಂಬಿ ಬಂತು.

ಸಂಜೆ ನಿರ್ದೇಶಕಿ ಮಾತುಕತೆಯ ಕೋಣೆಯಿಂದ ಹೊರಬಂದರು. "ಒಂದು ಮಾತಿಗೆ ಒಪ್ಪಿದ್ರು ಕಣಪ್ಪ, ಇಬ್ಬರೂ ಮನಸಾರೆ. ಸಂಸ್ಥೆ ಉಳೀತು."

"ಕದನವಿರಾಮಕ್ಕಾ ಮೇಡಂ?"

"ಅದು ಮುಂದಿನ ಸಲ." ಅವರು ಅವನ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು. "ಮುಂದಿನ ಸಲ ಖಂಡಿತ ಬರ್ತಾರಂತೆ. ನೀನು ಇಲ್ಲಿರಬಾರ್ದು ಅಂತ ಒಪ್ಪಿದಾರೆ."