ಚರಂಡಿ ಯಾವ ಪಕ್ಕ?

ಜನರಿಗೆ ತಿಳಿಯಲೆಂದು ಬರೆಯುವುದು ಬೇರೆ, ಬರೆದಿದ್ದೇವೆಂದು ಮೇಲಿನವರಿಗೆ ತಿಳಿಯಲೆಂದು ಬರೆಯುವುದು ಬೇರೆ. ನಾನು ಎರಡನೆಯ ಜಾತಿಯ ಬರಹಗಾರ. ಕಡೂರು ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಮುನಿಸಿಪಾಲಿಟಿಯ ಗುಮಾಸ್ತ. ಊರಿನ ಹೆಸರು ಬೇಡ. ಬೀರೂರಿನಲ್ಲಿ ರೈಲಿಳಿದು ಎತ್ತಿನ ಗಾಡಿಯಲ್ಲಿ ಸೊಂಟ ಮುರಿಸಿಕೊಂಡು ಬಂದರೆ ಸಿಗುತ್ತದೆ. ಬೀದಿಯಲ್ಲಿ ಎಮ್ಮೆ ಕಟ್ಟಬೇಡಿ ಎನ್ನಬೇಕಾದರೆ ನಾನು, "ಸಾರ್ವಜನಿಕ ಸಂಚಾರಕ್ಕೆ ಅಡಚಣೆಯುಂಟಾಗುವಂತೆ ಚತುಷ್ಪಾದ ಪ್ರಾಣಿಗಳನ್ನು ಬಂಧಿಸತಕ್ಕದ್ದಲ್ಲ" ಎಂದು ಬರೆದು ಚಾವಡಿಯ ಗೋಡೆಗೆ ಅಂಟಿಸುತ್ತಿದ್ದೆ. ಎಮ್ಮೆಗಳು ಆ ನೋಟೀಸಿನ ಕೆಳಗೇ ನಿಂತು ಮೆಲುಕು ಹಾಕುತ್ತಿದ್ದವು. ಒಂದೆರಡು ಸಲ ನೋಟೀಸನ್ನೇ ತಿಂದದ್ದೂ ಉಂಟು, ಅಂಟು ರುಚಿಯಾಗಿತ್ತೇನೋ.

ಆದರೂ ನಮ್ಮೂರಿಗೆ ಮುನಿಸಿಪಾಲಿಟಿಯ ಸುದ್ದಿಯೆಲ್ಲ ತಿಳಿಯುತ್ತಿತ್ತು. ಅದಕ್ಕೆ ಕಾರಣ ನಮ್ಮ ಎದುರುಮನೆಯ ಗುರುಶಾಂತಪ್ಪನವರು. ಹೆಂಡತಿ ತೀರಿಕೊಂಡ ಮೇಲೆ ಕೊಬ್ಬರಿ ಮಂಡಿಯನ್ನು ಮಗನಿಗೆ ಒಪ್ಪಿಸಿ, ಹಗಲೆಲ್ಲ ತಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದ ಮುದುಕರು. ಬೆಳಿಗ್ಗೆ ಚಾವಡಿಗೆ ಹೋಗಿ ನನ್ನ ನೋಟೀಸನ್ನು ಎರಡು ಸಲ ಓದಿ ಬರುವರು. ಸಂಜೆ ನೀರಿಗೆ ಹೋಗುವವರನ್ನೂ ಸಂತೆಯಿಂದ ಬರುವವರನ್ನೂ ನಿಲ್ಲಿಸಿಕೊಂಡು, "ಲೇ ಕರಿಯಣ್ಣ, ಬೀದೀಲಿ ಎಮ್ಮೆ ಕಟ್ಬಾರ್ದಂತೆ ಕಣೋ. ಹೊಡ್ಕೊಂಡೋಗಿ ದೊಡ್ಡೀಲಿ ಕೂಡ್ತಾರಂತೆ" ಎನ್ನುವರು. ಅರ್ಧ ದಿನ ಬೆವರಿ ಬರೆದದ್ದು ಎರಡು ಮಾತಿಗೆ ಮುಗಿಯಿತಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಎಮ್ಮೆಗಳೇನೋ ಮರುದಿನ ಹಿತ್ತಿಲು ಸೇರಿರುತ್ತಿದ್ದವು.

ಒಂದು ಬೇಸಿಗೆಯಲ್ಲಿ ನಮ್ಮ ಬೀದಿಗೆ ಕಲ್ಲಿನ ಚರಂಡಿ ಮಂಜೂರಾಯಿತು. ಬೀದಿ ಕಿರಿದು, ಒಂದೇ ಪಕ್ಕಕ್ಕೆ ಚರಂಡಿ, ಆ ಪಕ್ಕದ ಜಗಲಿಗಳೆಲ್ಲ ಹೋಗಬೇಕು. ಅಮಲ್ದಾರರು ಬಂದು ಬೀದಿಯ ನಡುವೆ ನಿಂತು, "ಏನ್ರೀ ರಾಯರೇ, ನೀವು ಇದೇ ಬೀದಿಯವರಲ್ಲವೆ? ನೀರು ಯಾವ ಕಡೆಗೆ ಇಳಿಯುತ್ತೆ?" ಎಂದರು. ನಮ್ಮ ಬೀದಿಯಲ್ಲಿ ನೀರು ಯಾವ ಕಡೆಗೂ ಇಳಿಯುವುದಿಲ್ಲ, ಬಿದ್ದಲ್ಲೇ ನಿಲ್ಲುತ್ತದೆ. ಹಾಗೆಂದು ಹೇಳಬೇಕೆನ್ನುವಷ್ಟರಲ್ಲಿ ನನ್ನ ಕಣ್ಣು ನಮ್ಮ ಜಗಲಿಯ ಮೇಲೆ ಬಿತ್ತು. ಅಲ್ಲಿ ನನ್ನ ಹೆಂಡತಿ ಹಪ್ಪಳ ಒಣಹಾಕಿದ್ದಳು. "ಆ ಕಡೆಗೆ ಸ್ವಾಮಿ" ಎಂದು ಎದುರುಸಾಲಿನತ್ತ ಕೈ ತೋರಿಸಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಚಿಕ್ಕದಾಗಿ, ಅಷ್ಟು ಸ್ಪಷ್ಟವಾಗಿ ನಾನಾಡಿದ ಮಾತು ಅದೊಂದೇ.

ನೋಟೀಸನ್ನೂ ನಾನೇ ಬರೆದೆ. ಆ ಸಂಜೆ ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟೆ. ಗುರುಶಾಂತಪ್ಪನವರು ಎಂದಿನಂತೆ ಜನರನ್ನು ನಿಲ್ಲಿಸಿಕೊಂಡು, "ಈ ಸಾಲಿನ ಜಗ್ಲಿ ಎಲ್ಲಾ ಕೀಳ್ತಾರಂತೆ ಕಣ್ರಪ್ಪಾ. ಹದಿನೈದು ದಿವ್ಸದೊಳ್ಗೆ" ಎಂದರು.

"ನಿಮ್ದೂನಾ ಯಜಮಾನ್ರೇ?" ಕೊಡ ಹೊತ್ತು ನಿಂತಿದ್ದ ಪುಟ್ಟಮ್ಮ ಕೇಳಿದಳು.

"ನಮ್ದೂ ಈ ಸಾಲಲ್ಲೇ ಐತಲ್ಲಮ್ಮಾ."

ಆಳುಗಳು ಹಾರೆ ಹಾಕಿ ಚಪ್ಪಡಿ ಎಬ್ಬಿಸಿದ ದಿನ ಅವರು ಬೀದಿಯಲ್ಲಿ ನಿಂತು ನೋಡಿದರು. ಅಷ್ಟು ವರ್ಷ ಅವರನ್ನು ಹೆಚ್ಚಾಗಿ ಜಗಲಿಯ ಎತ್ತರದಲ್ಲಿ ಕೂತಂತೆಯೇ ನೋಡಿದ್ದರಿಂದ, ಅವರು ಅಷ್ಟು ಕುಳ್ಳು ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ತಡೆಯಲಾರದೆ, "ಯಜಮಾನರೇ, ನಮ್ಮ ಜಗಲಿ ನಿಮ್ಮದೇ ಅಂದುಕೊಳ್ಳಿ" ಎಂದು ಕರೆದೆ. ಬಂದರು. ಹಪ್ಪಳಕ್ಕೆ ತಾಗದಂತೆ ಅಂಚಿನಲ್ಲಿ ಕೂತರು. ಎದುರಿಗೆ ಅವರ ಮನೆಯ ಬಾಗಿಲು ನೆಲದಿಂದ ಮೂರಡಿ ಮೇಲೆ ತೂಗುಹಾಕಿದಂತೆ ಕಾಣುತ್ತಿತ್ತು. ಸ್ವಲ್ಪ ಹೊತ್ತು ನೋಡಿ, "ಬತ್ತೀನಿ ರಾಯ್ರೇ" ಎಂದು ಎದ್ದರು. ಮತ್ತೆ ಬರಲಿಲ್ಲ. ಚಾವಡಿಗೂ ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ, ಸಿಡುಬು ಬಾರದಂತೆ ತೋಳಿಗೆ ಚುಚ್ಚಿ ದೇವಿ ಹಾಕುವವರು ಬರುತ್ತಾರೆಂದು ನೋಟೀಸು ಅಂಟಿಸಿದೆ. ಒಳ್ಳೆಯ ಭಾಷೆಯಲ್ಲೇ ಬರೆದಿದ್ದೆ. ದೇವಿ ಹಾಕುವವನು ಚಾವಡಿಯಲ್ಲಿ ಸಂಜೆಯವರೆಗೆ ಆಕಳಿಸುತ್ತ ಕೂತ. ನನ್ನ ಎರಡು ಮಕ್ಕಳನ್ನು ಬಿಟ್ಟರೆ ಯಾರೂ ಬರಲಿಲ್ಲ. ಮಾಗಿಯಲ್ಲಿ ಊರಿಗೆ ಸಿಡುಬು ಬಂತು. ಪುಟ್ಟಮ್ಮನ ಮೊಮ್ಮಗಳು ಹೋದಳು. ಸಾವಿನ ರಿಜಿಸ್ಟರಿಗೆ ಹೆಸರು ಬರೆಸಲು ಬಂದವಳು, "ಯಾರೂ ಹೇಳ್ಲೇ ಇಲ್ವಲ್ಲ ಸ್ವಾಮಿ" ಎಂದಳು. ನನ್ನ ನೋಟೀಸು ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿತ್ತು; ನಾನು ಮಗುವಿನ ಹೆಸರು ಬರೆದುಕೊಂಡೆ.

ಯುಗಾದಿಗೆ ಮುಂಚೆ ಗುರುಶಾಂತಪ್ಪನವರ ಮಗಳು ಅವರನ್ನು ತನ್ನ ಮನೆಗೆ ಕರೆಸಿಕೊಳ್ಳಲು ಯಗಟಿಯಿಂದ ಗಾಡಿ ಕಳಿಸಿದಳು. ಅಪ್ಪ ಒಳಗೇ ಕೂತು ಕೂತು ಮಂಕಾಗಿದ್ದಾರೆಂದು ಯಾರೋ ಹೇಳಿದ್ದರಂತೆ. ಮೊದಲಾದರೆ ಜಗಲಿಯಿಂದಲೇ ಗಾಡಿಗೆ ಕಾಲಿಡುತ್ತಿದ್ದರು. ಈಗ ನಾನು ಕೈ ಕೊಟ್ಟೆ. ಹತ್ತಿ ಕೂತವರು ಕೈ ಬಿಡದೆ, "ರಾಯ್ರೇ, ನೀರು ನಮ್ ಕಡೆಗೆ ಇಳಿಯಲ್ಲ. ಅವತ್ತು ನೀವಂದಿದ್ದು ಕೇಳಿಸ್ತು" ಎಂದರು.

"ಮತ್ತೆ ಅಮಲ್ದಾರರಿಗೆ ಯಾಕೆ ಹೇಳಲಿಲ್ಲ ಯಜಮಾನರೇ?"

"ಹೇಳಿದ್ರೆ ನಿಮ್ಮನ್ನ ಬಿಡ್ತಿದ್ರಾ ಅವ್ರು? ಮಕ್ಳೊಂದಿಗ್ರು ನೀವು."

ಗಾಡಿ ಹೋಯಿತು. ಆಷಾಢದಲ್ಲಿ ಯಗಟಿಯಿಂದ ಕೊಬ್ಬರಿ ತಂದ ಗಾಡಿಯವನು, "ಯಜಮಾನ್ರು ಹೋಗ್ಬಿಟ್ರು" ಎಂದು ಸುದ್ದಿ ಹೇಳಿದ. ಅದು ನಮ್ಮ ಊರಿನ ಸಾವಲ್ಲ. ನನ್ನ ರಿಜಿಸ್ಟರಿನಲ್ಲಿ ಬರೆಯುವ ಹಾಗೂ ಇರಲಿಲ್ಲ.

ಮಳೆಗಾಲದಿಂದೀಚೆಗೆ ಚರಂಡಿಯಲ್ಲಿ ನೀರು ಹರಿಯದೆ ಹಸಿರುಗಟ್ಟಿ ನಿಂತಿದೆ. ನಾನು ಸಂಜೆ ಕಚೇರಿಯಿಂದ ಬಂದವನು ಒಳಗೇ ಕೂರುತ್ತೇನೆ. ಮೊನ್ನೆ ಹೆಂಡತಿ, "ಯಾಕ್ರೀ, ಜಗಲೀಲಿ ತಣ್ಣಗೆ ಗಾಳಿ ಬರುತ್ತೆ, ಅಲ್ಲಿ ಕೂತ್ಕೋಬಾರ್ದೆ?" ಎಂದಳು.

"ಸೊಳ್ಳೆ ಕಣೇ. ಚರಂಡಿ ಸೊಳ್ಳೆ."

"ಹಾಗಾದ್ರೆ ಮುನಿಸಿಪಾಲಿಟಿಗೆ ಒಂದು ಅರ್ಜಿ ಬರೀರಿ, ಯಾರ ತಪ್ಪು ಅಂತ ವಿಚಾರಿಸ್ಲಿ."

ಬರೆಯಬಹುದು. ಆದರೆ ಅಲ್ಲಿ ಅರ್ಜಿ ತೆಗೆದುಕೊಂಡು ವಿಚಾರಿಸುವ ಗುಮಾಸ್ತ ಎಂಥವನೆಂದು ನನಗೆ ಚೆನ್ನಾಗಿ ಗೊತ್ತು.