ಮಗಳ ಗೋದಾಮಿನಲ್ಲಿ ಕಲ್ಲು ಆರಿಸಿದ್ದು

ಶಹಾಪುರದ ಒಂದು ಅಕ್ಕಿ ಮಿಲ್ಲಿನಲ್ಲಿ ಗೋದಾಮು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಕೈ ದಾಟಿದ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕರೂ ಮೀಸೆ ಬೋಳಿಸುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು ನಾನು. ಅಂಥವನಿಗೆ ಮಗಳ ಗೋದಾಮು ಯಾವ ಲೆಕ್ಕ!

ಮಗಳು ಪವಿತ್ರಾ ಕಂಪ್ಯೂಟರಿನಲ್ಲಿ ಚೌಕಚೌಕದ ಕಲ್ಲು ಪೇರಿಸಿ ಊರು ಕಟ್ಟುವ ಆಟ ಆಡುತ್ತಾಳೆ. ಅವಳ ಜೀವದ ಗೆಳತಿ ಅಶ್ವಿನಿ ಈಗ ಸುರಪುರದಲ್ಲಿದ್ದಾಳೆ. ಇಬ್ಬರೂ ಸೇರಿ ಆಟದೊಳಗೆ ಇವಳ ಮನೆಯಿಂದ ಅವಳ ಮನೆಗೆ ರೈಲುಹಳಿ ಹಾಕುತ್ತಿದ್ದರು. ಅಶ್ವಿನಿಯ ಹುಟ್ಟುಹಬ್ಬದ ಸಂಜೆ ಆರಕ್ಕೆ ಮೊದಲ ರೈಲು ಬಿಡಬೇಕು. ಹಳಿಗೆ ಬೇಕಾದ ಕಬ್ಬಿಣಕ್ಕಾಗಿ ಪವಿತ್ರಾ ರಜೆಯೆಲ್ಲ ಅದಿರು ಅಗೆದು ಆಟದ ಗೋದಾಮಿನ ಗೋಡೆ ತುಂಬ ಡಬ್ಬಿಗಳಲ್ಲಿ ತುಂಬಿಸಿದ್ದಳು. ಆಟಕ್ಕೆ ‘ಮಾಡ್’ ಎಂಬ ಹೆಚ್ಚಿನ ಸಾಮಾನು ಸೇರಿಸಿ, ಅದಿರು ಪುಡಿ ಮಾಡುವ ಯಂತ್ರ, ಕರಗಿಸುವ ಭಟ್ಟಿ ಎಲ್ಲ ಕೂಡಿಸಿದ್ದಳು.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅಜ್ಜಿಯ ಜೊತೆ ಕೊಡೇಕಲ್‌ಗೆ ಹೊರಟವಳು ನನಗೊಂದು ಕೆಲಸ ಒಪ್ಪಿಸಿದಳು. “ಅಪ್ಪ, ಕಂಪ್ಯೂಟರ್ ಮಲಗಿದ್ರ ಯಂತ್ರ ನಿಂದರ್ತಾವ. ಆಗಾಗ ಮೌಸ್ ಅಳ್ಳಾಡಿಸ್ಕೋತ ಕೂಡು. ಮತ್ತೇನೂ ಮುಟ್ಟಬ್ಯಾಡ.”

ಹತ್ತು ನಿಮಿಷ ನಿಷ್ಠೆಯಿಂದ ಅಳ್ಳಾಡಿಸಿದೆ. ಆಮೇಲೆ ಒಂದು ಡಬ್ಬಿ ತೆರೆದೆ. ಕಲ್ಲು! ಎರಡನೆಯದು ತೆರೆದೆ. ಅದರಲ್ಲೂ ಕಲ್ಲು! ಯಂತ್ರವನ್ನು ನೋಡಿದರೆ ಒಂದು ಕಲ್ಲು ನುಂಗಿ ಎರಡು ಪಾಲು ಪುಡಿ ಉಗುಳುತ್ತಿತ್ತು. ಒಂದು ಚೀಲ ಭತ್ತ ಹಾಕಿದರೆ ಎರಡು ಚೀಲ ಅಕ್ಕಿ ಕೊಡುವ ಮಿಲ್ಲು ಭೂಮಿಯ ಮೇಲಿದೆಯೇ? ಕಲ್ಲು ಹೊಕ್ಕು ಯಂತ್ರ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಮೂಲೆಯಲ್ಲಿ ‘ಕಸ’ ಎಂದು ಬರೆದ ಕೆಂಪು ಡಬ್ಬಿಯಿತ್ತು. ಎಲ್ಲ ಕಲ್ಲನ್ನೂ ಆರಿಸಿ ಅದಕ್ಕೆ ಸುರಿದೆ. ಎಷ್ಟು ಸುರಿದರೂ ಅದು ತುಂಬಲಿಲ್ಲ. ಮಗಳ ಜಾಣತನಕ್ಕೆ ಹೆಮ್ಮೆಪಟ್ಟೆ.

ಪಕ್ಕದಲ್ಲಿ ಕೂತು ನಮ್ಮದೇ ಮಿಲ್ಲಿನ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಹೆಂಡತಿ ನೀಲಮ್ಮ, ಮುಟ್ಟಬ್ಯಾಡ ಅಂದಿದ್ದಳಲ್ರಿ ಎಂದಳು. ಗೋದಾಮು ಹಸನ ಆಗಾಕತ್ತದ, ಸುಮ್ಮನಿರು ಎಂದೆ.

ನಾಲ್ಕಕ್ಕೆ ಪವಿತ್ರಾ ಬಂದು ಖಾಲಿ ಡಬ್ಬಿಗಳನ್ನು ನೋಡಿದಳು.

“ಅಪ್ಪ, ಅದಿರು ಎಲ್ಲಿ?”

“ಯಾವ ಅದಿರವ್ವ? ಬರೇ ಕಲ್ಲು ಇದ್ದುವು. ತಗದು ಒಗದೀನಿ.”

ಅದಿರು ಅಂದರೇನೇ ಕಲ್ಲು, ಕೆಂಪು ಡಬ್ಬಿಗೆ ಬಿದ್ದದ್ದು ಮತ್ತೆ ಸಿಗುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಮಗಳ ಕಣ್ಣಲ್ಲಿ ನೀರು ಬಂತು. ಅವಳು ಅಶ್ವಿನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಕೇಳಿದ ನಗು ಮನೆಯೆಲ್ಲ ತುಂಬಿತು. ಇವಳಿಗೂ ನಗು ತಡೆಯಲಿಲ್ಲ. ಇಬ್ಬರೂ ಸಮಾಲೋಚಿಸಿ, ಹಳಿಯ ಕೊನೆಯ ತುಂಡಿಗೆ ಬೇಕಾದ ಅದಿರನ್ನು ಆರೋಪಿಯೇ ಅಗೆಯತಕ್ಕದ್ದು ಎಂದು ಆದೇಶ ಹೊರಡಿಸಿದರು.

ದಿನವೂ ಹಮಾಲರಿಗೆ ಅಪ್ಪಣೆ ಕೊಡುವವನು ಆಟದೊಳಗೆ ಹಾರೆ ಹಿಡಿದೆ. ಎರಡು ಸಲ ಬೆಂಕಿಯ ಹಳ್ಳಕ್ಕೆ ಬಿದ್ದು ಸತ್ತೆ. ಒಮ್ಮೆ ನಿಂತ ನೆಲವನ್ನೇ ಅಗೆದುಕೊಂಡು ಪಾತಾಳ ಸೇರಿದೆ. “ಕಾಕಾ, ಅದು ಖರೇನ ಕಲ್ಲರಿ, ಬಿಡ್ರಿ” ಎಂದು ಅಶ್ವಿನಿ ಸುರಪುರದಿಂದ ಮಾರ್ಗದರ್ಶನ ಮಾಡಿದಳು.

ಆರರ ರೈಲು ಎಂಟಕ್ಕೆ ಹೊರಟಿತು. ಹುಡುಗಿಯರು ಸಂತೋಷಕ್ಕೆ ಕಿರುಚಿದರು, ನಾನೂ ಚಪ್ಪಾಳೆ ತಟ್ಟಿದೆ. ನಿಲ್ದಾಣದಲ್ಲಿ ಅವರೊಂದು ಫಲಕ ನಿಲ್ಲಿಸಿದ್ದರು: ‘ಈ ಹಳಿಗೆ ಅದಿರು ಅಗೆದವರು ಅಪ್ಪ.’ ನನಗೆ ಕಣ್ಣು ತುಂಬಿತು. ಕೆಳಗೆ ಇನ್ನೊಂದು ಸಾಲಿತ್ತು: ‘ಇವರನ್ನು ಯಾರೂ ಗೋದಾಮಿಗೆ ಬಿಡಬಾರದು.’

ನೀಲಮ್ಮ ಅದರ ಫೋಟೊ ತೆಗೆದು ನಮ್ಮ ಮಿಲ್ಲಿನ ಸಾಹುಕಾರರಿಗೆ ಕಳಿಸಿದ್ದಾಳೆ. ಅವರು ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ. ಸೋಮವಾರ ಕೆಲಸಕ್ಕೆ ಹೋಗಬೇಕೋ ಬೇಡವೋ ಗೊತ್ತಾಗದೆ ಕೂತಿದ್ದೇನೆ!